ಬಾವಿಗೆ ಗಾಳಿ ಹಾಕಿದವರು

ಗಂಡ: ಬಾವಿ ಬತ್ತಿದೆ ಅಂದ್ರೆ ಬತ್ತಿದೆ. ಬತ್ತಿದ ಬಾವೀನ ಬೈದರೆ ನೀರು ಬರುತ್ತಾ?

ಹೆಂಡತಿ: ನಾನು ಬೈತಾ ಇರೋದು ಬಾವೀನಲ್ಲ, ನಿಮ್ಮನ್ನ.

ಗಂಡ: ನನ್ನ ಬೈದರೂ ಬರಲ್ಲ.

ಹೆಂಡತಿ: ಗೊತ್ತು. ನನ್ನ ಹೊಟ್ಟೆ ಉರಿಯಾದ್ರೂ ಆರಲಿ ಅಂತ.

ತಗಡಿನ ಮಾಡಿನ ಒಂದೇ ಶೆಡ್ಡು. ಮುಂಭಾಗದಲ್ಲಿ ಗಂಡನ ಟೈರ್ ಅಂಗಡಿ, ಹಿಂಭಾಗದಲ್ಲಿ ಹೆಂಡತಿಯ ಲಾಂಡ್ರಿ. ನಡುವೆ ಒಂದು ಪರದೆ. ಅದೂ ಒಗೆಯಲು ಬಂದು, ಯಾರೂ ವಾಪಸ್ ಕೇಳದೆ ಉಳಿದುಕೊಂಡದ್ದು. ಪರದೆಯ ಬುಡದಲ್ಲಿ ಗಾಳಿಯ ಕಂಪ್ರೆಸರ್ ಕೂತಿದೆ. ಅದರಿಂದ ಒಂದು ಪೈಪು ಮುಂದಕ್ಕೆ, ಟೈರುಗಳಿಗೆ. ಇನ್ನೊಂದು ಹಿಂದಕ್ಕೆ, ಹಿತ್ತಿಲ ಕೊಳವೆಬಾವಿಗೆ. ಬಾವಿಗೇಕೆ ಗಾಳಿ ಎಂದು ಊರವರೆಲ್ಲ ಕೇಳಿ, ನಕ್ಕು, ಸುಸ್ತಾಗಿ ಸುಮ್ಮನಾಗಿದ್ದಾರೆ. ಆ ಬಾವಿಯೊಳಗೆ ಮೋಟರೂ ಇಲ್ಲ, ಪಂಪೂ ಇಲ್ಲ. ನೀರಿನ ಆಳಕ್ಕೆ ಇಳಿದ ಒಂದು ದಪ್ಪ ಪೈಪು, ಅದರ ಹೊಟ್ಟೆಯೊಳಗೆ ಒಂದು ಸಣ್ಣ ರಬ್ಬರ್ ಪೈಪು, ಅಷ್ಟೇ. ಸಣ್ಣದರಲ್ಲಿ ಗಾಳಿ ಕೆಳಗಿಳಿದರೆ ದಪ್ಪದರಲ್ಲಿ ನೀರು ಮೇಲೇರುತ್ತದೆ. ಹೋದ ವರ್ಷದಿಂದ ಹಾಗೆ ಏರುತ್ತಲೇ ಇತ್ತು. ಇವತ್ತು ಬೆಳಿಗ್ಗೆಯಿಂದ ಒಂದು ಹನಿಯೂ ಇಲ್ಲ.

ತೊಟ್ಟಿಗಳಲ್ಲಿ ಲಾಡ್ಜಿನ ಬೆಡ್‌ಶೀಟುಗಳು ಸೋಪಿನ ನೊರೆಯಲ್ಲಿ ಕುತ್ತಿಗೆವರೆಗೆ ಮುಳುಗಿವೆ. ಡ್ರಮ್ಮಿನಲ್ಲಿ ಉಳಿದಿದ್ದ ನೀರೆಲ್ಲ ಸೋಪಿಗೇ ಮುಗಿದುಹೋಗಿ, ಜಾಲಾಡಿಸಲು ಒಂದು ಬಕೆಟ್ಟೂ ಇಲ್ಲ. ಲಾಡ್ಜಿನ ಮ್ಯಾನೇಜರು ಆಗಲೇ ಫೋನು ಮಾಡಿ, ಸಂಜೆಯೊಳಗೆ ಶೀಟು ಬರದಿದ್ದರೆ ನಾಳೆಯಿಂದ ಸೇತುವೆಯಾಚೆಯ ಹೊಸ ಲಾಂಡ್ರಿಗೆ ಕೊಡುತ್ತೇನೆ ಎಂದು ಬಹಳ ಮರ್ಯಾದೆಯಿಂದ ಹೇಳಿದ್ದಾನೆ. ಲಾಡ್ಜು ಕೈಬಿಟ್ಟರೆ ಲಾಂಡ್ರಿಗೆ ಉಳಿಯುವುದು ಎರಡು ಮನೆಯ ಅಂಗಿ, ಒಂದು ಮನೆಯ ಸಬೂಬು. ಬಾಗಿಲು ಹಾಕಬೇಕಾದೀತು ಎಂಬುದು ಹೆಂಡತಿಗೆ ಗೊತ್ತು. ಅದಕ್ಕೇ ಅವಳ ದನಿ ಇವತ್ತು ಮಾಮೂಲಿಗಿಂತ ಒಂದು ಮಹಡಿ ಮೇಲಿದೆ.

ಹೆಂಡತಿ: ಬಾವಿ ಬತ್ತಿದೆ ಅಂತ ನಿಮಗೆ ಯಾರು ಹೇಳಿದರು? ಇಳಿದು ನೋಡಿದ್ರಾ?

ಗಂಡ: ಕೊಡ ಇಳಿಯದ ಬಾವೀಲಿ ನಾನು ಹೇಗೆ ಇಳೀಲಿ?

ಅವಳು ಬಟ್ಟೆಗಂಟು ಕಟ್ಟುವ ದಾರದ ಉಂಡೆ ತಂದಳು, ತುದಿಗೆ ಭಾರವಾದದ್ದೊಂದನ್ನು ಕಟ್ಟಿದಳು, ಪೈಪಿನ ಪಕ್ಕದ ಸಂದಿಯಲ್ಲಿ ಇಳಿಬಿಟ್ಟಳು. ಉಂಡೆ ಕರಗುತ್ತಾ ಹೋಯಿತು.

ಗಂಡ: ತುದಿಗೆ ಏನು ಕಟ್ಟಿದೆ?

ಹೆಂಡತಿ: ಅಂಗಡಿ ಬೀಗದ ಕೈ.

ಗಂಡ: ಲೇ, ಇರೋದೇ ಅದೊಂದು.

ಹೆಂಡತಿ: ಅದಕ್ಕೇ ಗಟ್ಟಿಯಾಗಿ ಕಟ್ಟಿದೀನಿ. ನೀರು ಬರದೆ ಹೋದ್ರೆ ಬೀಗ ಹಾಕೋಕೆ ಇನ್ನೇನಿರುತ್ತೆ?

ದಾರ ಮೇಲೆ ಬಂತು. ಬೀಗದ ಕೈ ತೊಟ್ಟಿಕ್ಕುತ್ತಿತ್ತು. ಅದರ ಮೇಲಿನ ದಾರವೂ ಮಾರುಗಟ್ಟಲೆ ಒದ್ದೆ. ಅವಳು ಆ ಒದ್ದೆ ದಾರವನ್ನು ಗಂಡನ ಅಂಗೈಯಲ್ಲಿ ಸುತ್ತಿ ಸುತ್ತಿ ಇಟ್ಟಳು. ಅವನು ಬೀಗದ ಕೈಯನ್ನು ಮಾತ್ರ ಬಿಡಿಸಿಕೊಂಡು ಅಂಗಿಗೆ ಒರೆಸಿಕೊಂಡ.

ಹೆಂಡತಿ: ಬಾವಿ ತುಂಬಿದೆ. ಈಗ ಹೇಳಿ. ನಿಮ್ಮ ಗಾಳೀದೇ ತಪ್ಪು.

ಗಂಡ: ನೋಡು, ನನ್ನನ್ನ ಏನು ಬೇಕಾದ್ರೂ ಅನ್ನು. ನನ್ನ ಗಾಳಿ ತಂಟೆಗೆ ಬರಬೇಡ. ಬಾ ಇಲ್ಲಿ. ಈ ಮೀಟರ್ ನೋಡು. ಮುಳ್ಳು ಎಲ್ಲಿದೆ?

ಹೆಂಡತಿ: ಮೇಲಿದೆ.

ಗಂಡ: ಬಾವಿ ಕಡೆ ವಾಲ್ವ್ ಪೂರ್ತಿ ತೆಗೆದಿದೀನಿ. ಮುಳ್ಳು ಇಳೀತಾ ಇದೆಯಾ?

ಹೆಂಡತಿ: ಇಲ್ಲ.

ಗಂಡ: ಕೂದಲೆಳೆಯಷ್ಟು?

ಹೆಂಡತಿ: ಇಲ್ಲ ಅಂದ್ನಲ್ಲ.

ಗಂಡ: ಮುಂಚೆ ಹೇಗಿತ್ತು? ನೀನು ವಾಲ್ವ್ ತಿರುಗಿಸೋದೇ ತಡ, ಮುಳ್ಳು ಜಾರ್ತಾ ಇತ್ತು. ಕಂಪ್ರೆಸರು ದಿನವಿಡೀ ಏದುಸಿರು ಬಿಡ್ತಾ ಇತ್ತು. ನೋಡೋಕಾಗ್ತಿರಲಿಲ್ಲ ನನಗೆ. ಇವತ್ತು ನೋಡು, ಒಂದೇ ಸಲ ತುಂಬಿ ಗಪ್‌ಚಿಪ್ಪಾಗಿ ನಿಂತಿದೆ. ಇಂಥ ಗಾಳಿ ಈ ಶೆಡ್ಡಲ್ಲಿ ಹಿಂದೆ ಯಾವತ್ತೂ ಇರಲಿಲ್ಲ.

ಹೆಂಡತಿ: ಸರಿ. ನೀರೂ ಚೆನ್ನಾಗಿದೆ, ಗಾಳಿಯೂ ಚೆನ್ನಾಗಿದೆ. ಇಬ್ಬರೂ ಇಷ್ಟು ಒಳ್ಳೆಯವರಾದ್ರೆ ಸಂಸಾರ ಯಾಕೆ ನಡೀತಾ ಇಲ್ಲ?

ಗಂಡ: ನಡುವೆ ಇರೋದು ಏನು? ಪೈಪು. ಪೈಪು ಹಾಕಿದ್ದು ಯಾರು? ನಾನು ಹೇಳಲ್ಲಪ್ಪ. ಹೇಳಿದರೆ ನಿನಗೆ ಕೋಪ ಬರುತ್ತೆ.

ಪೈಪು ಹಾಕಿದ್ದು ಹೆಂಡತಿಯ ಅಣ್ಣ. ಊರಿಗೆಲ್ಲ ಅವನು ಪೈಪಣ್ಣ. ಬಾವಿಗೆ ಗಾಳಿ ಕೊಟ್ಟು ನೀರು ತರುವ ಈ ಉಪಾಯ ಅವನದೇ. ಆದರೆ ಭಾವ ಭಾವಮೈದುನರಿಗೆ ಮಾತಿಲ್ಲ. ಕಾರಣ ಇಷ್ಟೇ: ಒಮ್ಮೆ ಪೈಪಣ್ಣನ ಸ್ಕೂಟರು ಊರಿನ ಆ ತುದಿಯಲ್ಲಿ ಪಂಕ್ಚರಾಗಿ, ಅವನು ಅಲ್ಲೇ ಪಕ್ಕದ ಅಂಗಡಿಯಲ್ಲಿ ಹಾಕಿಸಿಕೊಂಡ. ತಳ್ಳಿಕೊಂಡು ಇಲ್ಲಿಗೆ ಬರಲಿಲ್ಲ. ಆ ಪ್ಯಾಚನ್ನು ಆಮೇಲೆ ನೋಡಿದ ಇವನಿಗೆ ಅನ್ನ ಸೇರಲಿಲ್ಲ. ಬಾವಿಗೆ ಪೈಪು ಇಳಿಸುವ ದಿನ ಪೈಪಣ್ಣ ತಂಗಿಗೆ ವಾಲ್ವ್ ಎಷ್ಟು ತಿರುಗಿಸಬೇಕೆಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದರೆ, ಇವನು ಬೆನ್ನು ತಿರುಗಿಸಿ ಕೂತು ಒಂದು ಹಳೇ ಟೈರನ್ನು ಇಡೀ ದಿನ ತಿಕ್ಕುತ್ತಿದ್ದ.

ಹೆಂಡತಿ ಫೋನು ಮಾಡಿದಳು. ಪೈಪಣ್ಣ ಬಂದ, ಸ್ಪ್ಯಾನರುಗಳ ಚೀಲವನ್ನು ಕೆಳಗಿಟ್ಟ, ಭಾವನ ತಲೆಯ ಮೇಲಿನ ಗೋಡೆಯನ್ನು ನೋಡುತ್ತಾ ನಿಂತ. ಭಾವ ಅವನ ಕಾಲ ಬಳಿಯ ನೆಲವನ್ನು ನೋಡುತ್ತಾ ನಿಂತ.

ಪೈಪಣ್ಣ: ತಂಗಿ, ಗಾಳಿ ಬಿಟ್ಟಿದಾರಾ ಕೇಳು.

ಗಂಡ: ಬಿಟ್ಟಿದೀನಿ ಅಂತ ಹೇಳು. ಗಾಳಿ ವಿಷಯ ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ ಅಂತಲೂ ಹೇಳು.

ಹೆಂಡತಿ: ಬಿಟ್ಟಿದಾರಂತೆ ಅಣ್ಣ.

ಪೈಪಣ್ಣ: ಎರಡನೇದೂ ಹೇಳು. ನನಗೆ ಕೇಳಿಸಿಲ್ಲ.

ಹೆಂಡತಿ: ಎರಡನೇದು, ಕಾಫಿ ಕುಡೀತೀಯಾ ಅಂತ.

ಪೈಪಣ್ಣ: ಬೇಡ ಅನ್ನು.

ಗಂಡ: ನಾನೆಲ್ಲಿ ಕಾಫಿ ಅಂದೆ? ನೀರಿಲ್ಲದ ಮನೇಲಿ ಕಾಫಿ ಎಲ್ಲಿಂದ ಬರುತ್ತೆ ಅಂತ ಕೇಳು.

ಪೈಪಣ್ಣ: ನೀರಿಲ್ಲ ಅಂತ ಕರೆಸಿದೋರು ಕಾಫಿ ಆಸೆ ಯಾಕೆ ತೋರಿಸಿದ್ರು ಅಂತ ಕೇಳು.

ಹೆಂಡತಿ: ಇಬ್ಬರೂ ಕೇಳಿ. ಶೀಟು ಇವತ್ತು ಹೋಗದೆ ಇದ್ರೆ ನಾಳೆಯಿಂದ ನನ್ನ ತೊಟ್ಟೀಲಿ ನಿಮ್ಮಿಬ್ಬರನ್ನೇ ನೆನೆ ಹಾಕ್ತೀನಿ.

ಪೈಪಣ್ಣ ಬಾವಿಯ ಬಳಿ ಮಂಡಿಯೂರಿದ. ದಪ್ಪ ಪೈಪಿಗೆ ಕಿವಿಯಿಟ್ಟ. ಬಹಳ ಹೊತ್ತು ಹಾಗೇ ಇದ್ದ. ಏನೂ ಕೇಳಿಸಲಿಲ್ಲವೆಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಒಳಗೆ ಗುಳುಗುಳು ಸದ್ದೇ ಇಲ್ಲ, ಗಾಳಿ ತಳ ಮುಟ್ಟುವ ಮೊದಲೇ ಎಲ್ಲೋ ಸೋರಿಹೋಗುತ್ತಿರಬೇಕು, ಕಂಪ್ರೆಸರಿನ ಬಾಯಿಯಲ್ಲೋ ವಾಲ್ವಿನಲ್ಲೋ ನೋಡಬೇಕು ಎಂದು ತಂಗಿಗೆ ಮೆಲ್ಲಗೆ ಹೇಳಿದ.

ಮೆಲ್ಲಗೆ ಹೇಳಿದ್ದು ಸಾಲಲಿಲ್ಲ. ಟೈರಿನವನ ಕಿವಿಗೆ ಬೇರಾವ ಮಾತು ಬೀಳದಿದ್ದರೂ ಸೋರಿಕೆ ಎಂಬ ಮಾತು ಬೀಳುತ್ತದೆ.

ಗಂಡ: ನನ್ನ ಅಂಗಡೀಲಿ ಸೋರಿಕೆ?

ಹೆಂಡತಿ: ಇರಬಹುದು ಅಂದ ಅಷ್ಟೆ.

ಗಂಡ: ಕೇಳಿಸ್ತು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಸೋರಿಕೆ ಯಾರದ್ದು ಅಂತ ನಾನು ಹೇಳಲಾ? ಬೇಡ, ಬೇಡ ಅಂತ ಹೊಟ್ಟೇಲಿ ಇಟ್ಕೊಂಡಿದ್ದೆ.

ಹೆಂಡತಿ: ಏನು ಇಟ್ಕೊಂಡಿದ್ರಿ?

ಗಂಡ: ನಿಮ್ಮ ಮನೆತನದ ಮಾನ.

ಅವನು ಗಂಟಲು ಸರಿಮಾಡಿಕೊಂಡ. ಇಂಥ ಒಳ್ಳೆಯತನವನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂತಲ್ಲ ಎಂಬ ದುಃಖ ಅವನ ಮುಖದಲ್ಲಿತ್ತು. ಒಳಗೊಳಗೆ ಖುಷಿಯೂ ಇತ್ತು.

ಗಂಡ: ನಿನ್ನೆ ಸಂಜೆ ನೀನು ಲಾಡ್ಜಿಗೆ ಶೀಟು ಕೊಡೋಕೆ ಹೋದಾಗ, ಈ ಮುಳ್ಳು ಯಾಕೆ ಇಳಿಯುತ್ತೆ ನೋಡೇಬಿಡೋಣ ಅಂತ ಒಳಗಿನ ರಬ್ಬರ್ ಪೈಪು ಪೂರ್ತಿ ಮೇಲಕ್ಕೆ ಎಳೆದೆ. ತೊಟ್ಟೀಲಿ ಮುಳುಗಿಸಿ ಗಾಳಿ ಬಿಟ್ಟೆ. ಏನು ನೋಡ್ತೀನಿ, ಗುಳ್ಳೆ. ಎಲ್ಲಿ ನೋಡಿದರೂ ಗುಳ್ಳೆ. ಇಷ್ಟು ವರ್ಷ ಪಂಕ್ಚರ್ ಹಾಕಿದೀನಿ, ಅಂಥ ದರಿದ್ರ ಪೈಪು ನಾನು ಕಂಡಿಲ್ಲ. ತುದಿಯೆಲ್ಲ ಜರಡಿ.

ಪೈಪಣ್ಣ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ನಿಧಾನವಾಗಿ ಕೂತ.

ಗಂಡ: ಬೇರೆಯವರಾಗಿದ್ರೆ ಊರಿಗೆಲ್ಲ ಡಂಗುರ ಹೊಡೀತಿದ್ರು. ನಾನು ತುಟಿ ಪಿಟಕ್ ಅನ್ನಲಿಲ್ಲ. ಒಳ್ಳೇ ಪ್ಯಾಚು ತಗೊಂಡು, ಉಜ್ಜಿ, ಅಂಟು ಹಚ್ಚಿ, ಒಂದೊಂದೇ ತೂತು ಮುಚ್ಚಿದೆ. ಮೇಲೊಂದು ಪಟ್ಟಿ ಸುತ್ತಿದೆ. ವಾಪಸ್ ಇಳಿಸಿದೆ. ನಿಮ್ಮಣ್ಣ ತೂತು ಪೈಪು ಹಾಕಿದ ಅಂತ ನಿನಗೂ ಗೊತ್ತಾಗಬಾರದು ಅಂತ ನೀನು ಬರೋಷ್ಟರಲ್ಲಿ ಕೈ ತೊಳ್ಕೊಂಡು ಕೂತೆ.

ಆಗ ಪೈಪಣ್ಣ ತಂಗಿಯ ಕಡೆ ನೋಡದೆ, ನೇರವಾಗಿ ಭಾವನ ಮುಖ ನೋಡಿ ಮಾತಾಡಿದ. ಪಂಕ್ಚರ್ ಪ್ರಕರಣದ ನಂತರ ಇದೇ ಮೊದಲು.

ಪೈಪಣ್ಣ: ಭಾವ, ತುದೀಲೇ ಇದ್ವಾ ತೂತು?

ಗಂಡ: ತುದೀಲೇ.

ಪೈಪಣ್ಣ: ಸುತ್ತಲೂ?

ಗಂಡ: ಸುತ್ತಲೂ.

ಪೈಪಣ್ಣ: ಒಂದೇ ಸಮ, ಸಾಲಾಗಿ?

ಗಂಡ: ಸಾಲಾಗಿ. ಇಲಿ ಕಡಿದಿರಬೇಕು ಅಂದ್ಕೊಂಡೆ.

ಪೈಪಣ್ಣ: ಇಲಿ ಅಳತೆ ಹಿಡಿದು ಕಡಿಯುತ್ತಾ ಭಾವ?

ಗಂಡ ಮೀಟರಿನ ಮುಳ್ಳಿನ ಕಡೆ ನೋಡಿದ. ಅದು ಇನ್ನೂ ಮೇಲೇ ನಿಂತಿತ್ತು, ಅಲುಗದೆ.

ಪೈಪಣ್ಣ: ತುದಿಯ ಬಾಯಿಗೆ ಬಿರಡೆ ಬಡಿದು ಆ ತೂತು ನಾನೇ ಕೊರೆದದ್ದು. ಒಂದು ಮಧ್ಯಾಹ್ನ ಪೂರ್ತಿ ಕೂತು. ಅಲ್ಲಿಂದ ಬರೋ ಗುಳ್ಳೇನೇ ನಮ್ಮ ಪಂಪು. ಗುಳ್ಳೆ ದಪ್ಪ ಪೈಪಿನ ನೀರಲ್ಲಿ ಸೇರಿದರೆ ಆ ನೀರು ಹಗುರ ಆಗುತ್ತೆ. ಹೊರಗೆ ಸುತ್ತಲೂ ಇರೋ ನೀರು ಭಾರ. ಭಾರದ್ದು ಹಗುರದ್ದನ್ನ ಮೇಲಕ್ಕೆ ನೂಕುತ್ತೆ. ಒಲೆ ಮೇಲಿನ ಹಾಲು ಗುಳ್ಳೆ ತುಂಬ್ಕೊಂಡು ಉಕ್ಕಿ ಬರಲ್ವಾ, ಹಾಗೆ ಮೇಲೇರಿ ಬರುತ್ತೆ. ಗುಳ್ಳೆ ಇಲ್ಲ ಅಂದ್ರೆ ನೀರೂ ಇಲ್ಲ.

ಹೆಂಡತಿ: ಅಂದ್ರೆ ಇವರು ಮುಚ್ಚಿದ್ದು ತೂತಲ್ಲ.

ಪೈಪಣ್ಣ: ನಿನ್ನ ಲಾಂಡ್ರಿ ಕಣಮ್ಮ.

ಗಂಡ: ಗುಳ್ಳೆ ಬಂದ್ರೆ ಮುಚ್ಚಬೇಕು. ಹುಟ್ಟಿದಾಗಿನಿಂದ ನಾನು ಕಲಿತಿರೋದು ಅದೊಂದೇ.

ಇದನ್ನು ಅವನು ಎಷ್ಟು ಸಣ್ಣ ದನಿಯಲ್ಲಿ ಹೇಳಿದನೆಂದರೆ, ಹೆಂಡತಿ ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು. ಅವಳಿಗೆ ಅಯ್ಯೋ ಅನ್ನಿಸಿತು. ಪೈಪಣ್ಣನಿಗೂ ಏನೋ ಅನ್ನಿಸಿತು. ತನ್ನ ಜೊತೆ ಮಾತು ಬಿಟ್ಟ ಮನುಷ್ಯ ತನ್ನ ಮಾನ ಕಾಯಲೆಂದು ಒಂಟಿಯಾಗಿ ಕೂತು ತೂತು ಮುಚ್ಚಿದ್ದಾನೆ. ತಪ್ಪು ಇರಲಿಲ್ಲ ಎಂಬುದು ಬೇರೆ ಮಾತು. ಅಂಥ ಭಾವ ಎಲ್ಲರಿಗೂ ಸಿಗುವುದಿಲ್ಲ, ಸಿಗದಿರುವುದೂ ಒಳ್ಳೆಯದೇ.

ಆದರೆ ಬೆಡ್‌ಶೀಟುಗಳಿಗೆ ಇದಾವುದೂ ಅನ್ನಿಸುವಂತಿರಲಿಲ್ಲ. ಮೂವರೂ ಸೇರಿ ರಬ್ಬರ್ ಪೈಪನ್ನು ಎಳೆದು ಹಾಕಿದರು. ಪೈಪಣ್ಣ ಪಟ್ಟಿ ಬಿಚ್ಚಿ, ಉಗುರಿನಿಂದ ಒಂದು ಪ್ಯಾಚನ್ನು ಕೆರೆದ. ಚಾಕುವಿನಿಂದ ಕೆರೆದ. ಹಲ್ಲಿನಿಂದಲೂ ಒಂದು ಕೈ ನೋಡಿದ.

ಪೈಪಣ್ಣ: ಬರ್ತಾ ಇಲ್ಲ ಭಾವ.

ಗಂಡ: ಬರಲ್ಲ. ಪೈಪು ಹರಿದು ಹೋದ್ರೂ ಪ್ಯಾಚು ಬರಲ್ಲ.

ಹೆಂಡತಿ: ಜೀವಮಾನದಲ್ಲಿ ಒಂದು ಕೆಲಸವನ್ನಾದ್ರೂ ಅರೆಬರೆ ಮಾಡಬಾರದಿತ್ತಾ ನೀವು?

ಬೇರೆ ದಾರಿಯಿರಲಿಲ್ಲ, ಪ್ಯಾಚುಗಳ ನಡುವೆ ಹೊಸ ತೂತು ಹಾಕಬೇಕು. ರಬ್ಬರಿನ ಕೈಹದ ಗೊತ್ತಿರುವುದು ಭಾವನಿಗೇ. ಪೈಪಣ್ಣ ದಬ್ಬಣವನ್ನು ಕಾಯಿಸಿ ಅವನ ಕೈಗೆ ಕೊಟ್ಟ. ಅವನು ಅದನ್ನು ಹಿಡಿದುಕೊಂಡು ಬೀದಿಯ ಕಡೆ ನೋಡಿದ.

ಗಂಡ: ಶಟರ್ ಎಳೆದು ಬಾ.

ಹೆಂಡತಿ: ಯಾಕೆ?

ಗಂಡ: ಪಂಕ್ಚರ್ ಅಂಗಡಿಯವನು ರಸ್ತೆಗೆ ಮೊಳೆ ಎಸೀತಾನೆ ಅಂತ ಜನ ಮೊದಲೇ ಆಡ್ಕೋತಾರೆ. ಈಗ ನಾನೇ ಕೂತು ತೂತು ಹಾಕೋದನ್ನ ಯಾರಾದ್ರೂ ನೋಡಿದ್ರೆ ಮುಗೀತು ಕಥೆ.

ಶಟರ್ ಇಳಿಯಿತು. ಅರೆಗತ್ತಲಲ್ಲಿ ಅವನು ಕೆಲಸ ಶುರುಮಾಡಿದ. ಒಂದೊಂದು ತೂತಿಗೂ ಅವನ ಮುಖ ತನಗೇ ಚುಚ್ಚಿದ ಹಾಗೆ ಹಿಂಡುತ್ತಿತ್ತು. ನಡುವೆ ಯಾರೋ ಗಿರಾಕಿ ಶಟರ್ ಬಡಿದು, ಒಳಗಿದ್ದೀರಾ ಎಂದು ಕೇಳಿದ. ಇಲ್ಲ ಎಂದು ಒಳಗಿಂದ ಭಾವನೇ ಕೂಗಿದ.

ಪೈಪು ಇಳಿಯಿತು. ಪ್ರಾಯಶ್ಚಿತ್ತದ ಉತ್ಸಾಹದಲ್ಲಿ ಗಂಡ ವಾಲ್ವನ್ನು ಪೂರ್ತಿ ತಿರುಗಿಸಿದ. ದಪ್ಪ ಪೈಪು ಕೆಮ್ಮಿತು, ಸೀನಿತು, ನಾಲ್ಕು ಹನಿ ಉಗಿಯಿತು, ಮತ್ತೆ ಬರೀ ಗಾಳಿಯನ್ನು ಭರ್ರೋ ಎಂದು ಬಿಡತೊಡಗಿತು.

ಗಂಡ: ಇನ್ನೂ ಜಾಸ್ತಿ ಬೇಕು ಅನ್ಸುತ್ತೆ.

ಹೆಂಡತಿ: ಸರೀರಿ ಆಚೆ. ದಿನಾ ತಿರುಗಿಸೋಳು ನಾನು.

ಅವಳು ವಾಲ್ವನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿದಳು. ಭರ್ರೋ ನಿಂತಿತು. ಕೆಳಗೆಲ್ಲೋ ಗುಳುಗುಳು ಎಂದಿತು. ಒಂದು ದೊಡ್ಡ ಗುಟುಕು ನೀರು ತೊಟ್ಟಿಗೆ ಬಿತ್ತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ತಡೆಯಿಲ್ಲದೆ ಮತ್ತೂ ಮತ್ತೂ.

ಗಂಡ: ಕಡಿಮೆ ಗಾಳಿಗೆ ಜಾಸ್ತಿ ನೀರಾ?

ಪೈಪಣ್ಣ: ಗಾಳಿ ಅತಿಯಾದ್ರೆ ನೀರಿಗೆ ಜಾಗ ಎಲ್ಲಿ ಭಾವ?

ಹೆಂಡತಿ: ನಿಮ್ಮ ಜೊತೆ ಸಂಸಾರ ಮಾಡಿ ನಾನು ಕಲಿತಿದ್ದೂ ಅದೇ. ನೀವು ಸ್ವಲ್ಪ ಕಡಿಮೆ ಮಾತಾಡಿದ ದಿನ ಮನೆ ಕೆಲಸ ಚೆನ್ನಾಗಿ ನಡೆಯುತ್ತೆ. ಈಗ ಇಬ್ಬರೂ ಪಂಚೆ ಎತ್ತಿ ಕಟ್ಟಿ. ಶೀಟು ಜಾಲಾಡಿಸಬೇಕು.

ಮೀಟರಿನ ಮುಳ್ಳು ಇಳಿಯುತ್ತಿತ್ತು. ಕಂಪ್ರೆಸರು ಏದುಸಿರು ಬಿಡುತ್ತಿತ್ತು. ಗಂಡ ಅತ್ತ ಬೆನ್ನು ಹಾಕಿ ನಿಂತು ಪೈಪಣ್ಣನ ಜೊತೆ ಶೀಟು ಹಿಂಡಿದ. ಸಂಜೆಯ ಹೊತ್ತಿಗೆ ಲಾಡ್ಜಿನ ಮ್ಯಾನೇಜರು ಖುದ್ದಾಗಿ ಬಂದಾಗ, ಹಿತ್ತಿಲ ತಂತಿಗಳ ಮೇಲೆಲ್ಲ ಬೆಳ್ಳನೆಯ ಶೀಟುಗಳು ಹಾರಾಡುತ್ತಿದ್ದವು. ಮೊದಲು ಹಾಕಿದವು ಆಗಲೇ ಒಣಗಿ ಇಸ್ತ್ರಿಗೆ ಹೋಗಿದ್ದವು.

ಮ್ಯಾನೇಜರು: ಶೀಟೇನೋ ಆಯ್ತು. ಆದರೆ ಬೆಳಿಗ್ಗೆಯಿಂದ ನೀರು ಯಾಕಿರಲಿಲ್ಲ? ನಾಳೆಯೂ ಹೀಗೇ ಆದ್ರೆ ನಾನು ಗಿರಾಕಿಗಳನ್ನ ಬರೀ ಹಾಸಿಗೆ ಮೇಲೆ ಮಲಗಿಸಲಾ? ಹೊಸ ಲಾಂಡ್ರಿಯವರಿಗೆ ನಾನು ಇನ್ನೂ ಬೇಡ ಅಂದಿಲ್ಲ.

ಹೆಂಡತಿಯ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ನಿಂತಿತು. ಗಂಡ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ. ಪೈಪಣ್ಣ ಅವನ ಕಾಲು ತುಳಿದು ಮುಂದೆ ಬಂದ.

ಪೈಪಣ್ಣ: ತಪ್ಪು ನಂದು ಸ್ವಾಮಿ. ನಾನು ಹಾಕಿದ ಪೈಪಲ್ಲಿ ತೂತಿತ್ತು. ನಮ್ಮ ಭಾವ ಮುಚ್ಚಿದರು.

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮ್ಯಾನೇಜರು ಟೈರಿನವನ ಕಡೆ ತಿರುಗಿ, ಇಂಥ ಕೈಗುಣದವರು ಮನೆಯಲ್ಲೇ ಇರುವಾಗ ತಾನು ಬೇರೆ ಲಾಂಡ್ರಿಯ ಮಾತು ಎತ್ತಿದ್ದೇ ತಪ್ಪಾಯಿತು ಎಂದ. ಟೈರಿನವನು ಬೆನ್ನು ತಟ್ಟಿಸಿಕೊಂಡು, ಮೊಳೆಯ ಮೇಲೆ ಕೂತವನ ಹಾಗೆ ನಕ್ಕ.

ಮ್ಯಾನೇಜರು: ನಮ್ಮ ಲಾಡ್ಜಿನ ಬಾವಿಗೂ ಇಂಥದೇ ಗಾಳಿ ಪೈಪು, ನಿಮ್ಮದನ್ನ ನೋಡೇ ಹಾಕಿಸಿದ್ದು. ಟವೆಲ್ಲು, ಪರದೆ ಎಲ್ಲ ನಾವು ಅದರ ನೀರಲ್ಲೇ ಒಗೆದುಕೊಳ್ಳೋದು, ಹೊರಗೆ ಕೊಡಲ್ಲ. ಅದೂ ಒಳಗೆ ದಿನವಿಡೀ ಗುಳುಗುಳು ಅನ್ನುತ್ತೆ, ಗಾಳಿ ಸೋರ್ತಾ ಇದೆ ಅಂತ ಕಾಣುತ್ತೆ. ನಾಳೆ ಇವರನ್ನ ಕಳಿಸ್ತೀಯೇನಮ್ಮ? ಅದರ ತೂತುಗಳನ್ನೂ ಹೀಗೇ ಮುಚ್ಚಿಕೊಡಲಿ.

ಗಂಡ ಗಾಬರಿಯಿಂದ ಪೈಪಣ್ಣನನ್ನು ನೋಡಿದ. ಪೈಪಣ್ಣ ಆಕಾಶ ನೋಡಿದ. ಹೆಂಡತಿ ಇಸ್ತ್ರಿಯಾದ ಶೀಟುಗಳ ಗಂಟನ್ನು ಬಿಗಿಯಾಗಿ ಕಟ್ಟಿ ಮ್ಯಾನೇಜರಿನ ಕೈಗಿತ್ತಳು.

ಹೆಂಡತಿ: ಬೆಳಿಗ್ಗೇನೇ ಕಳಿಸ್ತೀನಿ ಸ್ವಾಮಿ. ಇವರು ಮುಚ್ಚಿದರೆ ಮುಗೀತು, ಮತ್ತೆ ಯಾರ ಕೈಲೂ ಬಿಚ್ಚೋಕಾಗಲ್ಲ. ಟವೆಲ್ಲು, ಪರದೆ ಎಲ್ಲ ಒಂದು ಗಂಟು ಕಟ್ಟಿ ಇಟ್ಟಿರಿ, ವಾಪಸ್ ಬರೋವಾಗ ಇವರೇ ಹೊತ್ಕೊಂಡು ಬರ್ತಾರೆ.